ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ

ಕೇಳುಗರಿಗೆ ನಮಸ್ಕಾರ.

ನನ್ನ ಅಮ್ಮನಿಗೆ ಬಹಳ ವರ್ಷದಿಂದ ಒಂದು ಆಸೆ ಇತ್ತು. ಸೀತೆ ಇದ್ದಳು ಅಂತ ಹೇಳುವ ಜಾಗ ನೋಡಬೇಕು. ಶ್ರೀಲಂಕಾದ ನುವರ ಎಲಿಯ ಊರಿನ ಹತ್ತಿರ ಸೀತಾ ಎಲಿಯ ಅಂತ ಒಂದು ಊರಿದೆ. ಅಲ್ಲಿ ಹಳ್ಳದ ದಂಡೆಯ ಮೇಲೆ ಸೀತಮ್ಮನ ಗುಡಿ. ಅಶೋಕವನ ಇದ್ದದ್ದು ಇಲ್ಲೇ ಅಂತ ಜನ ನಂಬುತ್ತಾರೆ. 2018ರ ಡಿಸೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೊರಟೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಮೈಸೂರಿನ ನಮ್ಮ ಮನೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಎಷ್ಟು ಹತ್ತಿರ ಆದರೂ ಅದು ಬೇರೆ ದೇಶ. ಹೋಗುವ ಮೊದಲೇ ಅವರ ಅನುಮತಿ ಬೇಕು. ಶ್ರೀಲಂಕಾ 2012ರ ಜನವರಿ 1ರಿಂದ ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡಿದೆ. ಅದರ ಹೆಸರು ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ. ಎಲ್ಲರೂ ಅದನ್ನು ಇಟಿಎ ಅಂತಲೇ ಕರೆಯುತ್ತಾರೆ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಒಂದು ಫಾರಂ ತುಂಬಬೇಕು. ಕಾರ್ಡಿನಲ್ಲಿ ಹಣ ಕಟ್ಟಬೇಕು. ಉತ್ತರ ಇಮೇಲ್‌ಗೆ ಬರುತ್ತದೆ. ನಾವು ಹೋದಾಗ ಭಾರತದವರಿಗೆ ತಲೆಗೆ 20 ಡಾಲರ್ ಇತ್ತು. ಫೋಟೋ ಕೇಳಲಿಲ್ಲ, ಕಾಗದ ಸ್ಕ್ಯಾನ್ ಮಾಡಿ ಅಂತಲೂ ಹೇಳಲಿಲ್ಲ. ಹತ್ತು ನಿಮಿಷದ ಕೆಲಸ.

ಹತ್ತು ನಿಮಿಷದ ಕೆಲಸ ಅಂತಲೇ ನಾನು ಹತ್ತು ನಿಮಿಷದಲ್ಲಿ ಮುಗಿಸಿದೆ. ಹೊರಡುವ ಹಿಂದಿನ ರಾತ್ರಿ ಅನುಮತಿಯ ಪ್ರಿಂಟನ್ನು ಅಮ್ಮನ ಪಾಸ್‌ಪೋರ್ಟ್ ಒಳಗೆ ಇಡಲು ಹೋದೆ. ಎರಡನ್ನೂ ಪಕ್ಕ ಪಕ್ಕ ಹಿಡಿದಾಗ ಎದೆ ಧಸಕ್ ಅಂದಿತು. ಪಾಸ್‌ಪೋರ್ಟ್ ನಂಬರಿನಲ್ಲಿ 3 ಇದ್ದ ಕಡೆ ನಾನು 8 ಹೊಡೆದಿದ್ದೆ. ಅಂದರೆ ಅನುಮತಿ ಸಿಕ್ಕಿದ್ದು ಅಮ್ಮನ ಪಾಸ್‌ಪೋರ್ಟಿಗಲ್ಲ, ಬೇರೆ ಯಾವುದೋ ನಂಬರಿಗೆ. ಆಗ ಕೊಲಂಬೊದಲ್ಲಿ ಇಳಿದ ಮೇಲೂ ಅನುಮತಿ ಪಡೆಯುವ ದಾರಿ ಇತ್ತು. ಆದರೆ ಎಪ್ಪತ್ತು ದಾಟಿದ ಅಮ್ಮನನ್ನು ಆ ಸಾಲಿನಲ್ಲಿ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಮತ್ತೆ ಫಾರಂ ತೆರೆದೆ. ಈ ಸಲ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿದರು, ನಾನು ಒತ್ತಿದೆ. ಇನ್ನೊಂದು ಸಲ ಹಣ ಕಟ್ಟಿದೆ. ಬೆಳಗಾಗುವಷ್ಟರಲ್ಲಿ ಅನುಮತಿ ಬಂದಿತ್ತು.

ಆ ರಾತ್ರಿಯಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ನೆಂಟರು, ಅಕ್ಕಪಕ್ಕದವರು ಯಾರೇ ವಿದೇಶಕ್ಕೆ ಹೊರಟರೂ ಅವರ ಜೊತೆ ಕೂತು ಫಾರಂ ತುಂಬುತ್ತೇನೆ. ಹಾಗೆ ಮಾಡುತ್ತಾ ಕಲಿತದ್ದನ್ನು ಇವತ್ತು ನಿಮಗೆ ಹೇಳಬೇಕು ಅನ್ನಿಸಿತು.

ಮೊದಲಿಗೆ, ಇದು ಯಾಕೆ ಬಂತು? ಹಿಂದೆ ನಿಮ್ಮ ಕಾಗದ ನೋಡುತ್ತಿದ್ದದ್ದು ಆ ದೇಶದಲ್ಲಿ ಇಳಿದ ಮೇಲೆ. ಬೇಡದವರು ಬಂದಿದ್ದರೆ ವಾಪಸ್ ಕಳಿಸುವುದು ದೊಡ್ಡ ತಲೆನೋವು. ಆದ್ದರಿಂದ ವಿಮಾನ ಹತ್ತುವ ಮೊದಲೇ ನೋಡಿಬಿಡೋಣ ಅಂತ ದೇಶಗಳು ಯೋಚಿಸಿದವು. ಆಸ್ಟ್ರೇಲಿಯಾ 1996ರಲ್ಲೇ ಶುರು ಮಾಡಿತು. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್ ಇತ್ತು, ಲಕ್ಷಾಂತರ ಜನ ಬರುವವರಿದ್ದರು. ಅಮೆರಿಕ ತನ್ನದನ್ನು 2009ರ ಜನವರಿಯಿಂದ ಕಡ್ಡಾಯ ಮಾಡಿತು. ಆಮೇಲೆ ಕೆನಡಾ, ನ್ಯೂಜಿಲೆಂಡ್, ದಕ್ಷಿಣ ಕೊರಿಯಾ, ಬ್ರಿಟನ್ ಎಲ್ಲವೂ ಬಂದವು.

ನಮ್ಮ ದೇಶವೂ ಇದನ್ನು ಮಾಡಿದೆ. 2014ರ ನವೆಂಬರ್ 27ರಂದು 43 ದೇಶಗಳವರಿಗೆ ಇಂಥ ಅನುಮತಿ ಕೊಡಲು ಭಾರತ ಶುರು ಮಾಡಿತು. ಆಗ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಮಾತ್ರ ಅದು ನಡೆಯುತ್ತಿತ್ತು, ಅದರಲ್ಲಿ ಬೆಂಗಳೂರೂ ಒಂದು. ಈಗ ಅದನ್ನೇ ಇ-ವೀಸಾ ಅನ್ನುತ್ತೇವೆ. ಅಮೆರಿಕದಲ್ಲಿ ಹುಟ್ಟಿ ಅಲ್ಲಿಯ ಪಾಸ್‌ಪೋರ್ಟ್ ಇರುವ ಮೊಮ್ಮಕ್ಕಳು, ಭಾರತ ಮೂಲದ ವಿದೇಶಿ ಪೌರರಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡ್ ಮಾಡಿಸಿಲ್ಲದಿದ್ದರೆ, ಅಜ್ಜಿ ಮನೆಗೆ ಬರಲೂ ಈ ಅನುಮತಿಯನ್ನೋ ಬೇರೆ ವೀಸಾವನ್ನೋ ತೆಗೆದುಕೊಳ್ಳಬೇಕು. ಕೇಳಿದರೆ ಹೊಟ್ಟೆ ಚುರುಕ್ ಅನ್ನುತ್ತದೆ, ಆದರೆ ನಿಯಮ ಅದೇ.

ಇಲ್ಲಿ ಒಂದು ಮುಖ್ಯ ಮಾತು. ಯಾರಿಗೆ ಯಾವ ಅನುಮತಿ ಬೇಕು ಅನ್ನುವುದು ಪಾಸ್‌ಪೋರ್ಟ್ ಮೇಲೆ ನಿಂತಿದೆ. ನೀವು ಎಲ್ಲಿ ವಾಸ ಮಾಡುತ್ತೀರಿ, ಯಾರ ಮಗ, ಯಾರ ಸೊಸೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಮನೆಯವರು ಅಂದುಕೊಳ್ಳಿ. ಮಗಳು ಅಮೆರಿಕದ ಪೌರಳು, ಅಳಿಯಂದಿರ ಹತ್ತಿರ ಭಾರತದ ಪಾಸ್‌ಪೋರ್ಟ್. ಇಬ್ಬರೂ ಲಂಡನ್ ನೋಡಿಕೊಂಡು ಬರೋಣ ಅಂತ ಹೊರಟರು. 2025ರ ಜನವರಿ 8ರಿಂದ ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್ನಿನ ಇಟಿಎ ಬೇಕು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇಟಿಎ ಸಿಗುವುದೇ ಇಲ್ಲ, ಪೂರ್ತಿ ವೀಸಾನೇ ಬೇಕು. ಕೆನಡಾ, ಆಸ್ಟ್ರೇಲಿಯಾ, ಅಮೆರಿಕ ಕೂಡ ಹಾಗೇ. ಮಗಳ ಬಾಣಂತನಕ್ಕೆ ಅಂತ ಹೊರಡುವ ಅಮ್ಮಂದಿರು ದಯವಿಟ್ಟು ಇದನ್ನು ಗಮನಿಸಿ. ಏಳು ಡಾಲರಿಗೆ ಕೆನಡಾ ಇಟಿಎ ಅಂತ ಎಲ್ಲೋ ಓದಿ ಹಣ ಕಟ್ಟಬೇಡಿ. ಅದು ನಮ್ಮ ಪಾಸ್‌ಪೋರ್ಟಿಗೆ ಇರುವುದಲ್ಲ.

ಈಗ ಹೆಸರಿನ ವಿಷಯ. ನಮ್ಮ ಕಡೆಯವರು ಹೆಚ್ಚು ಕಷ್ಟ ಪಡುವುದು ಇಲ್ಲೇ.

ನಮ್ಮಲ್ಲಿ ಎಷ್ಟು ಜನಕ್ಕೆ ಸರ್‌ನೇಮ್ ಇದೆ ಹೇಳಿ? ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಇರುತ್ತದೆ. ಹಳೇ ಮೈಸೂರು ಕಡೆ ಒಂದು ಇನಿಷಿಯಲ್ಲು ಊರಿನದು, ಇನ್ನೊಂದು ಅಪ್ಪನದು, ಆಮೇಲೆ ನಮ್ಮ ಹೆಸರು. ನನ್ನ ಅಮ್ಮನದೂ ಹಾಗೇ. ಆಧಾರ್ ಕಾರ್ಡಿನಲ್ಲಿ ಎರಡು ಇನಿಷಿಯಲ್ ಇವೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಮ್ಮನ ಊರೂ ತಾತನ ಹೆಸರೂ ಪಾಸ್‌ಪೋರ್ಟ್ ಒಳಗೆ ಬಂದು ಕೂತಿವೆ. ಬ್ಯಾಂಕಿನಲ್ಲಿ ಒಂದು ಹೆಸರು, ಆಧಾರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಇಟಿಎ ಫಾರಂ ಮುಂದೆ ಕೂತಾಗ ಉಳಿದದ್ದೆಲ್ಲ ಪಕ್ಕಕ್ಕಿಡಿ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ. ಲಕ್ಷ್ಮಿಗೆ ಕೆಎಸ್ ಇದೆಯೋ ಎಕ್ಸ್ ಇದೆಯೋ, ಗೌಡದಲ್ಲಿ ಡಬ್ಲ್ಯೂ ಇದೆಯೋ ಯು ಇದೆಯೋ, ಅದೇ. ಪಾಸ್‌ಪೋರ್ಟಿನ ಸ್ಪೆಲಿಂಗ್ ತಪ್ಪು ಅಂತ ನಿಮಗೆ ಗೊತ್ತಿದ್ದರೂ ಫಾರಂನಲ್ಲಿ ತಿದ್ದಲು ಹೋಗಬೇಡಿ.

ಸಂಶಯ ಬಂದರೆ ಫೋಟೋ ಇರುವ ಪುಟದ ತಳಭಾಗ ನೋಡಿ. ಅಲ್ಲಿ ಎರಡು ಸಾಲು ಇರುತ್ತವೆ, ನಡುವೆ ಬಾಣದ ತುದಿಯಂಥ ಗುರುತುಗಳು. ಒಂದೊಂದು ಸಾಲಿಗೆ 44 ಗುರುತು. ವಿಮಾನ ನಿಲ್ದಾಣದ ಯಂತ್ರ ಓದುವುದು ಆ ಸಾಲುಗಳನ್ನೇ. ಎರಡನೇ ಸಾಲಿನ ಮೊದಲಲ್ಲಿ ಪಾಸ್‌ಪೋರ್ಟ್ ನಂಬರ್ ಇರುತ್ತದೆ. ನಮ್ಮ ಪಾಸ್‌ಪೋರ್ಟ್ ನಂಬರಿನಲ್ಲಿ ಸಾಮಾನ್ಯವಾಗಿ ಮೊದಲು ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ಏಳು ಅಂಕಿ. ಇದು ನೆನಪಿದ್ದರೆ ಓ ಅಕ್ಷರವೋ ಸೊನ್ನೆಯೋ ಅನ್ನುವ ಗೊಂದಲ ಬರುವುದಿಲ್ಲ.

ಸರ್‌ನೇಮ್ ಜಾಗ ಪೂರ್ತಿ ಖಾಲಿ ಇರುವವರೂ ಇದ್ದಾರೆ. ಪಾಸ್‌ಪೋರ್ಟಿನಲ್ಲಿ ಬರೀ ಒಂದು ಹೆಸರು. ಫಾರಂ ಮಾತ್ರ ಎರಡೂ ಕೇಳುತ್ತದೆ. ಇದಕ್ಕೆ ದೇಶಕ್ಕೊಂದು ಪದ್ಧತಿ. ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಇನ್ನೊಂದು ಕಡೆ ಎಫ್‌ಎನ್‌ಯು ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಬೇರೆ ದೇಶದ ಫಾರಂನಲ್ಲಿ ಆ ಕುರಿತ ಸೂಚನೆ ಪಕ್ಕದಲ್ಲೇ ಇರುತ್ತದೆ, ಓದಿ. ನೀವೇ ಒಂದು ಸರ್‌ನೇಮ್ ಹುಟ್ಟಿಸಬೇಡಿ. 2022ರ ನವೆಂಬರ್‌ನಲ್ಲಿ ದುಬೈ, ಅಬುಧಾಬಿ ಇರುವ ಯುಎಇ ಒಂದು ನಿಯಮ ತಂದಿತು. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದರೆ ಪ್ರವಾಸಿಗಳಾಗಿ ಒಳಗೆ ಬಿಡುವುದಿಲ್ಲ ಅಂತ. ಆಮೇಲೆ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಆಗುತ್ತದೆ ಅಂದರು. ಮನೆಯಲ್ಲಿ ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವ ಮಕ್ಕಳಿದ್ದರೆ ಎರಡೂ ಜಾಗ ತುಂಬಿಸಿ. ಮುಂದೆ ಅವರಿಗೆ ಬಹಳ ಸುಲಭ.

ಇನ್ನು ಹಣದ ಮಾತು. ನಮ್ಮ ಬೀದಿಯ ಒಬ್ಬ ಹಿರಿಯರು ಇಂಟರ್ನೆಟ್‌ನಲ್ಲಿ ಹುಡುಕಿ ಮೊದಲು ಕಂಡದ್ದನ್ನೇ ಒತ್ತಿದರು. ಬಾವುಟ ಇತ್ತು, ಲಾಂಛನದ ಹಾಗೆ ಏನೋ ಇತ್ತು. ಸರ್ಕಾರದ್ದೇ ಅಂದುಕೊಂಡರು. ನಿಜವಾದ ಶುಲ್ಕಕ್ಕಿಂತ ಮೂರು ಪಟ್ಟು ಹಣ ಹೋಯಿತು. ಅನುಮತಿ ಏನೋ ಬಂತು. ಆದರೆ ತಿಂಗಳ ಪಿಂಚಣಿಯಲ್ಲಿ ಕೂಡಿಟ್ಟ ಹಣ ಅದು. ಅವರ ಮುಖ ನೋಡಿ ನನಗೆ ನಿಜವಾಗಿ ಸಂಕಟ ಆಯಿತು. ಹುಡುಕಿದಾಗ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ವಿಳಾಸದ ಕೊನೆ ನೋಡಬೇಕು. ಶ್ರೀಲಂಕಾದ್ದು ಇಟಿಎ ಡಾಟ್ ಜಿಒವಿ ಡಾಟ್ ಎಲ್‌ಕೆ. ಕೀನ್ಯಾದ್ದು ಜಿಒ ಡಾಟ್ ಕೆಇ ಅಂತ ಮುಗಿಯುತ್ತದೆ. ಭಾರತದ ಇ-ವೀಸಾ ಜಿಒವಿ ಡಾಟ್ ಐಎನ್ ಅಂತ ಮುಗಿಯುತ್ತದೆ. ಥಾಯ್ಲೆಂಡ್ 2025ರ ಮೇ 1ರಿಂದ ಎಲ್ಲರಿಂದಲೂ ಒಂದು ಡಿಜಿಟಲ್ ಆಗಮನ ಕಾರ್ಡ್ ತುಂಬಿಸಿಕೊಳ್ಳುತ್ತಿದೆ. ತಲುಪುವ ದಿನಕ್ಕೆ ಮೂರು ದಿನದ ಒಳಗೆ ತುಂಬಬೇಕು. ಅದಕ್ಕೆ ಒಂದು ಪೈಸೆಯೂ ಇಲ್ಲ. ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದುಬಿಡಿ.

ಹಣ ಕಟ್ಟಿದ ಕೂಡಲೇ ಒಂದು ಇಮೇಲ್ ಬರುತ್ತದೆ. ನಿಮ್ಮ ಅರ್ಜಿ ತಲುಪಿತು ಅನ್ನುವುದು ಅಷ್ಟೇ ಅದರ ಅರ್ಥ. ಅನುಮತಿ ಆಮೇಲೆ ಬೇರೆ ಇಮೇಲ್‌ನಲ್ಲಿ ಬರುತ್ತದೆ. ಮೊದಲನೆಯದನ್ನೇ ಪ್ರಿಂಟ್ ಹಾಕಿಸಿಕೊಂಡು ವಿಮಾನ ನಿಲ್ದಾಣಕ್ಕೆ ಹೋದವರಿದ್ದಾರೆ. ಅಪ್ರೂವ್ಡ್ ಅಥವಾ ಗ್ರಾಂಟೆಡ್ ಅನ್ನುವ ಪದ ಇದೆಯಾ ನೋಡಿ. ಚೆಕ್-ಇನ್ ಕೌಂಟರಿನಲ್ಲಿ ಕೂತವರು ಇದನ್ನು ಬಹಳ ಗಟ್ಟಿಯಾಗಿ ನೋಡುತ್ತಾರೆ. ಕಾಗದ ಸರಿಯಿಲ್ಲದವರನ್ನು ಹೊತ್ತು ತಂದರೆ ಎಷ್ಟೋ ದೇಶಗಳು ವಿಮಾನ ಕಂಪನಿಗೇ ದಂಡ ಹಾಕುತ್ತವೆ, ವಾಪಸ್ ಕರೆದುಕೊಂಡು ಹೋಗಿ ಅನ್ನುತ್ತವೆ. ಅವರ ಮೇಲೆ ಸಿಟ್ಟು ಮಾಡಿಕೊಂಡು ಉಪಯೋಗ ಇಲ್ಲ.

ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು ಅಂತ ಶ್ರೀಲಂಕಾ ಕೇಳುತ್ತದೆ. ಎಷ್ಟೋ ದೇಶಗಳೂ ಕೇಳುತ್ತವೆ. ಅನುಮತಿ ಬಂದ ಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿದಿರಾ? ಹಾಗಾದರೆ ಹಳೆಯ ನಂಬರಿನ ಇಟಿಎ ಹೊಸದಕ್ಕೆ ನಡೆಯುವುದಿಲ್ಲ, ಮತ್ತೆ ಅರ್ಜಿ ಹಾಕಬೇಕು.

ಕೀನ್ಯಾದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈಗ ನಮ್ಮ ಕಡೆಯಿಂದಲೂ ಸಫಾರಿಗೆ ಹೋಗುತ್ತಾರೆ. 2024ರ ಜನವರಿಯಲ್ಲಿ ಅವರು ವೀಸಾ ತೆಗೆದು ಇಟಿಎ ತಂದರು. ಇಲ್ಲಿ ಫೋಟೋ, ಪಾಸ್‌ಪೋರ್ಟ್ ಪುಟ, ಉಳಿಯುವ ಜಾಗದ ಬುಕಿಂಗ್ ಎಲ್ಲ ಹಾಕಬೇಕು. ಮಕ್ಕಳಿಗೂ ಬೇರೆ ಅರ್ಜಿ. ಅದೆಲ್ಲ ಸರಿಯಾಗಿ ಮಾಡಿಕೊಂಡು ಹೋದವರು ವಾಪಸ್ ಬರುವಾಗ ಸಿಕ್ಕಿಬೀಳುವ ಒಂದು ಜಾಗ ಇದೆ. ಅಲ್ಲಿಂದ ಬರುವವರ ಹತ್ತಿರ ಹಳದಿ ಜ್ವರದ ಲಸಿಕೆಯ ಪುಸ್ತಕ ಇರಬೇಕು ಅಂತ ನಮ್ಮದೇ ದೇಶ ಕೇಳುತ್ತದೆ. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆ ಅದಕ್ಕೆ ಮಾನ್ಯತೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಇಟಿಎ ಫಾರಂನಲ್ಲಿ ಈ ಎಚ್ಚರಿಕೆ ನಿಮಗೆ ಸಿಗುವುದಿಲ್ಲ. ಆದ್ದರಿಂದ ಟಿಕೆಟ್ ಮಾಡಿಸಿದ ದಿನವೇ ಲಸಿಕೆಗೂ ದಿನ ನೋಡಿ.

ಹೋದ ವರ್ಷ ಹೋಗಿ ಬಂದವರ ಮಾತು ಕೇಳಿಕೊಂಡು ಕೂರುವುದೂ ಅಪಾಯ. ಶ್ರೀಲಂಕಾವನ್ನೇ ನೋಡಿ. 2019ರ ಆಗಸ್ಟ್‌ನಲ್ಲಿ ಭಾರತದವರಿಗೆ ಶುಲ್ಕ ಬೇಡ ಅಂದರು. 2023ರ ಕೊನೆಗೆ ಮತ್ತೆ ಸ್ವಲ್ಪ ಕಾಲ ಬೇಡ ಅಂದರು. 2024ರ ಏಪ್ರಿಲ್‌ನಲ್ಲಿ ಇಡೀ ಕೆಲಸವನ್ನು ಖಾಸಗಿ ಕಂಪನಿಗಳ ಕೈಗೆ ಕೊಟ್ಟರು. ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆ ಹಾಕಿತು, ಸೆಪ್ಟೆಂಬರ್‌ನಲ್ಲಿ ಹಳೆಯ ಇಟಿಎ ವಾಪಸ್ ಬಂತು. ಟಿಕೆಟ್ ತೆಗೆಯುವ ಮೊದಲು ಒಂದು ಸಲ, ಹೊರಡುವ ವಾರ ಇನ್ನೊಂದು ಸಲ ಸರ್ಕಾರದ ವೆಬ್‌ಸೈಟನ್ನೇ ತೆರೆದು ನೋಡಿ.

ಮನೆಯಲ್ಲಿರುವ ಹುಡುಗರಿಗೆ ನನ್ನದೊಂದು ಕೋರಿಕೆ. ಅಜ್ಜಿ ತಾತನ ಫಾರಂ ನೀವೇ ಸರಸರ ತುಂಬಿ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನು ಕೇಳಿದ್ದಾರೆ, ನೀವು ಏನು ಬರೆದಿರಿ ಅಂತ ಹೇಳಿ. ಎಷ್ಟು ದಿನಕ್ಕೆ ಬಂದಿದ್ದೀರಿ, ಎಲ್ಲಿ ಉಳಿಯುತ್ತೀರಿ ಅಂತ ಆ ಕಡೆಯ ಅಧಿಕಾರಿ ಕೇಳುವುದು ಅವರನ್ನೇ. ಇಟಿಎ ಇದ್ದರೂ ಒಳಗೆ ಬಿಡುವ ಕೊನೆಯ ತೀರ್ಮಾನ ಆ ಅಧಿಕಾರಿಯದು. ಒಂದು ಪ್ರಿಂಟ್ ಅವರ ಕೈಚೀಲದಲ್ಲೇ ಇರಲಿ, ಜೊತೆಗೆ ವಾಪಸ್ ಟಿಕೆಟ್, ಉಳಿಯುವ ಜಾಗದ ವಿಳಾಸ.

ಕೊಲಂಬೊದ ಕಟುನಾಯಕೆ ವಿಮಾನ ನಿಲ್ದಾಣದಲ್ಲಿ ಅಮ್ಮ ನನಗಿಂತ ಮುಂದೆ ನಿಂತಿದ್ದರು. ಕೌಂಟರಿನ ಹೆಣ್ಣುಮಗಳು ಪಾಸ್‌ಪೋರ್ಟ್ ತಿರುವಿ ಏನೋ ಕೇಳಿದಳು. ನಾನು ಮುಂದೆ ಹೋಗುವ ಮೊದಲೇ ಅಮ್ಮ ಪ್ರಿಂಟ್ ತೆಗೆದು ಕೊಟ್ಟು ಎಂಟು ದಿನ ಅಂತ ಬೆರಳು ತೋರಿಸಿ, "ಸೀತಾ" ಅಂದರು. ಆಕೆ ನಕ್ಕು ಮುದ್ರೆ ಒತ್ತಿದಳು.

ನಮಸ್ಕಾರ.