ಸಿಂಪಡಿಸುವ ಮೊದಲು ಬುಡ ನೋಡಿ

ರೈತ ಬಾಂಧವರೇ,

ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಾವೆಲ್ಲ ‘ಔಷಧಿ’ ಎಂದು ಕರೆಯುತ್ತೇವೆ. ಈ ಒಂದು ಪದ ನಮಗೆ ಮಾಡಿರುವ ಹಾನಿ ಸಣ್ಣದಲ್ಲ. ಔಷಧಿ ಎಂದ ಮೇಲೆ ಮುಂಜಾಗ್ರತೆಗೆ ಒಂದು ಸಲ ಹೊಡೆದುಬಿಡೋಣ ಎನ್ನಿಸುತ್ತದೆ. ಅದು ವಿಷ. ಹೊಲದಲ್ಲಿ ಯಾವ ಹುಳ ಬೆಳೆ ತಿನ್ನುತ್ತದೆ, ಯಾವುದು ಬೆಳೆ ಕಾಯುತ್ತದೆ ಎಂದು ಅದು ವಿಚಾರಿಸುವುದಿಲ್ಲ.

ಭತ್ತದ ಕಂದು ಜಿಗಿಹುಳುವನ್ನೇ ನೋಡಿ. ಅದು ಪೈರಿನ ಬುಡದಲ್ಲಿ ಕುಳಿತು ರಸ ಹೀರುತ್ತದೆ. ಹೆಚ್ಚಾದರೆ ಗದ್ದೆಯ ನಡುವೆ ಬೆಂಕಿ ಬಿದ್ದಂತೆ ಪೈರು ವೃತ್ತಾಕಾರವಾಗಿ ಒಣಗುತ್ತದೆ. ಹೆಣ್ಣು ಹುಳು ಮೊಟ್ಟೆ ಇಡುವುದು ಕಾಂಡವನ್ನು ಸುತ್ತಿಕೊಂಡ ಎಲೆಯ ಕವಚದ ಒಳಗೆ. ನೀವು ಮೇಲಿನಿಂದ ಹೊಡೆದ ವಿಷ ಆ ಮೊಟ್ಟೆಗಳನ್ನು ಮುಟ್ಟುವುದೇ ಕಷ್ಟ. ಆದರೆ ಬುಡದಲ್ಲಿ ಓಡಾಡುತ್ತ ಜಿಗಿಹುಳು ಹಿಡಿಯುವ ಜೇಡಗಳು ಸಾಯುತ್ತವೆ, ಮೊಟ್ಟೆಗಳನ್ನು ಹುಡುಕಿ ಹೀರುವ ಪುಟ್ಟ ಹಸಿರು ತಿಗಣೆಗಳೂ ಸಾಯುತ್ತವೆ. ಕೆಲವು ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಗಳಿಗೆ ಶತ್ರುಗಳೇ ಇಲ್ಲದ ಗದ್ದೆ ಸಿಗುತ್ತದೆ. ಎರಡನೆಯ ಸಲ ಹುಳು ಇನ್ನೂ ಹೆಚ್ಚಾಗಿ ಬಂತು, ಔಷಧಿ ಕಲಬೆರಕೆ ಇರಬೇಕು ಎಂದು ನಾವು ದೂರುತ್ತೇವೆ. ಎಷ್ಟೋ ಸಲ ಆ ಹುಳುವನ್ನು ಸಾಕಿದವರು ನಾವೇ.

ಇಂಡೋನೇಷ್ಯಾ ಇದನ್ನು ಇಡೀ ದೇಶದ ಮಟ್ಟದಲ್ಲಿ ಅನುಭವಿಸಿತು. ಸರ್ಕಾರ ಸಹಾಯಧನ ಕೊಟ್ಟು ಕೀಟನಾಶಕ ಹಂಚಿದಷ್ಟೂ ಜಿಗಿಹುಳು ಉಲ್ಬಣಿಸಿತು. ಕೊನೆಗೆ 1986ರಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಲಾಯಿತು, ಸಹಾಯಧನವನ್ನೂ ಹಂತಹಂತವಾಗಿ ನಿಲ್ಲಿಸಲಾಯಿತು. ಭತ್ತದ ಇಳುವರಿ ಕುಸಿಯಲಿಲ್ಲ. ಅಲ್ಲಿನ ರೈತರು ಗದ್ದೆಗಿಳಿದು ಹುಳು ಗುರುತಿಸುವುದನ್ನು ಕಲಿತರು. ನನಗೆ ಅತ್ಯಂತ ಭರವಸೆ ಕೊಡುವ ಸಂಗತಿ ಇದು.

ಹಾಗಾದರೆ ಹೊಡೆಯಲೇಬಾರದೇ? ಹಾಗಲ್ಲ. ಹುಳು ಮಾಡುವ ನಷ್ಟ ಸಿಂಪಡಣೆಯ ಖರ್ಚನ್ನು ಮೀರುವ ಮುನ್ನ ಎಚ್ಚೆತ್ತುಕೊಳ್ಳುವ ಒಂದು ಗೆರೆ ಇದೆ. ಆ ಗೆರೆ ದಾಟುವವರೆಗೆ ಕೈಕಟ್ಟಿ ನಿಲ್ಲುವುದಕ್ಕೆ ನಿಜಕ್ಕೂ ಧೈರ್ಯ ಬೇಕು. ಭತ್ತದಲ್ಲಿ ಬಳಕೆಯಲ್ಲಿರುವ ಒಂದು ಲೆಕ್ಕ ಹೀಗಿದೆ: ಜೇಡ ಇಲ್ಲದಿದ್ದರೆ ತೆಂಡೆಗೆ, ಅಂದರೆ ಬುಡದಿಂದ ಒಡೆದ ಒಂದೊಂದು ಕವಲಿಗೆ, 1 ಜಿಗಿಹುಳು, ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆ 2. ಒಂದೇ ಒಂದು ಜೇಡ ಆ ಗೆರೆಯನ್ನು ಇಮ್ಮಡಿ ಎತ್ತರಕ್ಕೆ ಸರಿಸುತ್ತದೆ!

ಗೆರೆ ದಾಟಿದರೆ ಹುಳು ಇರುವ ಜಾಗಕ್ಕೆ ಮಾತ್ರ, ಬುಡಕ್ಕೆ ತಾಗುವಂತೆ ಹೊಡೆಯಿರಿ. ಪ್ರತಿ ಸಲವೂ ಒಂದೇ ಗುಂಪಿನ ಕೀಟನಾಶಕ ಬೇಡ. ಅದನ್ನು ತಡೆದುಕೊಂಡು ಬದುಕಿದ ಹುಳುಗಳಷ್ಟೇ ಸಂತಾನ ಬೆಳೆಸುತ್ತ ಹೋಗುತ್ತವೆ. ಯೂರಿಯಾವನ್ನೂ ಹಿತಮಿತವಾಗಿ ಕೊಡಿ, ಸಾರಜನಕ ಹೆಚ್ಚಾದ ಮೆತ್ತನೆಯ ಪೈರು ಜಿಗಿಹುಳುವಿಗೆ ಹಬ್ಬದೂಟ.

ತರಕಾರಿ ಬೆಳೆಯುವವರಿಗೂ ಒಂದು ಮಾತು. ಗಿಡಹೇನಿನ ಗುಂಪಿನ ಪಕ್ಕದಲ್ಲಿ ಪುಟ್ಟ ಮೊಸಳೆಯಂತಹ, ಕಪ್ಪು ಮೈಯ ಮೇಲೆ ಕಿತ್ತಳೆ ಚುಕ್ಕೆಯ ಮರಿಹುಳು ಕಂಡರೆ ಹೊಸಕಬೇಡಿ. ಅದು ಗುಲಗಂಜಿ ಹುಳುವಿನ ಮರಿ, ಹೇನು ತಿನ್ನಲೆಂದೇ ಬಂದಿದೆ.

ನಾಳೆ ಬೆಳಿಗ್ಗೆ ಗದ್ದೆಯಲ್ಲಿ ಮೂಲೆಯಿಂದ ಮೂಲೆಗೆ ನಡೆದು ಇಪ್ಪತ್ತು ಬುಡಗಳನ್ನು ಬಗ್ಗಿಸಿ ತಟ್ಟಿ ನೋಡಿ. ಹಾಳೆಯ ಎಡಕ್ಕೆ ಜಿಗಿಹುಳುಗಳ ಲೆಕ್ಕ, ಬಲಕ್ಕೆ ಜೇಡಗಳ ಲೆಕ್ಕ ಬರೆಯಿರಿ. ಮುಂದಿನ ವಾರ ಆ ಹಾಳೆ ತನ್ನಿ, ಹೊಡೆಯಬೇಕೋ ಬೇಡವೋ ಎಂದು ಒಟ್ಟಿಗೆ ಕುಳಿತು ನೋಡೋಣ.