ರೀಬೂಟ್ ಮೇಲೆ ರೀಬೂಟ್, ನಡುವಿನ ಶಟ್‌ಡೌನ್ ಎಲ್ಲಿ?

ಸಾಗರ, ನಮ್ಮನೆ. ರಾತ್ರಿಯಿಡೀ ಮಳೆ. ಮೂಲೆಯಲ್ಲಿ ಕಾಣ್ತಿರೋ ಈ ಹಳೇ ಡೆಸ್ಕ್‌ಟಾಪೇ ನಮ್ಮನೆ ಸರ್ವರ್, ವಿಂಡೋಸ್ ಬದಲು ಉಬುಂಟು ಅನ್ನೋ ಲಿನಕ್ಸ್ ಹಾಕಿದ್ದೀನಿ. ಅಜ್ಜಿ ಹೇಳಿದ ಸೋಬಾನೆ ಪದಗಳ 41 ರೆಕಾರ್ಡಿಂಗ್ ಇದರಲ್ಲಿದೆ. ಮತ್ತೆ ಹೇಳ್ಸೋಣ ಅಂದ್ರೆ ಅಜ್ಜಿ ಇಲ್ಲ.

ಬೆಳಗ್ಗೆ ಅಪ್‌ಟೈಮ್ ಕೊಟ್ಟೆ, ಯಂತ್ರ ಆನ್ ಆಗಿ ಎಷ್ಟು ಹೊತ್ತಾಯ್ತು ಅಂತ ಹೇಳೋ ಕಮಾಂಡ್. ಐದು ಗಂಟೆ ಅಂತು. ನಾನು ಇದನ್ನ ಮುಟ್ಟಿ ಮೂರು ವಾರ ಆಯ್ತು! ಎದೆ ಧಸಕ್ ಅಂತು.

ತಕ್ಷಣ ಟೈಪ್ ಮಾಡಿದ್ದು: ಲಾಸ್ಟ್, ಹೈಫನ್ ಎಕ್ಸ್, ರೀಬೂಟ್, ಶಟ್‌ಡೌನ್. ಯಂತ್ರ ಯಾವಾಗ ಆನ್ ಆಯ್ತು, ಯಾವಾಗ ಆಫ್ ಆಯ್ತು ಅನ್ನೋ ಪಟ್ಟಿ ಇದು. ಪ್ರತಿ ಸಲ ಆನ್ ಆದಾಗ ಒಂದು ರೀಬೂಟ್ ಸಾಲು. ಹೊಸದು ಮೇಲಿರುತ್ತೆ, ಹಾಗಾಗಿ ಕೆಳಗಿಂದ ಓದಿ. ರೀಬೂಟ್, ಶಟ್‌ಡೌನ್, ರೀಬೂಟ್. ಇದು ಅಪ್‌ಡೇಟ್ ಆದ್ಮೇಲೆ ನಾನೇ ಮಾಡಿದ್ದು, ಕರ್ನಲ್, ಅಂದ್ರೆ ಸಿಸ್ಟಮ್‌ನ ತಿರುಳು, ಅದರ ನಂಬರ್ ಬದಲಾಗಿದೆ ನೋಡಿ. ಈಗ ತುದಿಗೆ ಬನ್ನಿ. ರೀಬೂಟ್ ಮೇಲೆ ಸೀದಾ ಇನ್ನೊಂದು ರೀಬೂಟ್. ಶಟ್‌ಡೌನ್ ಸಾಲನ್ನ ಯಂತ್ರ ಬರೆಯೋದು ಆಫ್ ಆಗೋ ಮುಂಚೆ. ಬರೆಯೋಕೂ ಪುರುಸೊತ್ತು ಸಿಕ್ಕಿಲ್ಲ.

ಮುಂದೆ ಜರ್ನಲ್‌ಸಿಟಿಎಲ್, ಹೈಫನ್ ಬಿ, ಮೈನಸ್ 1, ಹೈಫನ್ ಇ. ಜರ್ನಲ್ ಅಂದ್ರೆ ಸಿಸ್ಟಮ್ ಬರೆದಿಡೋ ದಿನಚರಿ, ಅದರಲ್ಲಿ ಹಿಂದಿನ ಸಲ ಆನ್ ಆಗಿದ್ದಾಗಿನ (ಹಿಂದಿನ ಬೂಟ್‌ನ) ಕೊನೇ ಸಾಲುಗಳು. ಕ್ರಮವಾಗಿ ಆಫ್ ಆಗಿದ್ರೆ ಸರ್ವೀಸ್‌ಗಳು ಒಂದೊಂದೇ ನಿಂತು 'ಜರ್ನಲ್ ಸ್ಟಾಪ್ಡ್' ಅಂತ ಬರ್ತಿತ್ತು. ಯಾರಾದ್ರೂ ಬಟನ್ ಒತ್ತಿದ್ರೆ 'ಪವರ್ ಕೀ ಪ್ರೆಸ್ಡ್' ಇರ್ತಿತ್ತು. ಇಲ್ಲಿರೋದು ರಾತ್ರಿ 2:17ಕ್ಕೆ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ನಡೆಸೋ ಪ್ರೋಗ್ರಾಂ) ಬರೆದ ಮಾಮೂಲಿ ಸಾಲು, ಪ್ರತಿ ಗಂಟೆಗೂ ಬರೋದೇ. ಆಮೇಲೆ ಏನೂ ಇಲ್ಲ. 2:18ಕ್ಕೆ ಹೊಸ ಬೂಟ್, ಅದರ ಶುರುವಲ್ಲೇ ಹಳೇ ಜರ್ನಲ್ ಫೈಲ್ 'ಅನ್‌ಕ್ಲೀನ್ಲಿ ಶಟ್ ಡೌನ್' ಅನ್ನೋ ದೂರು.

ಕರ್ನಲ್ ಪ್ಯಾನಿಕ್ಕಾ, ಅಂದ್ರೆ ಕರ್ನಲ್ಲೇ ಕುಸಿದು ಬಿತ್ತಾ? ಅದಾದ್ರೆ ಲಾಗ್‌ನಲ್ಲಿ ಏನೂ ಉಳಿಯದೇ ಇರಬಹುದು. ಆದರೆ ಉಬುಂಟು ಪ್ಯಾನಿಕ್ ಆದ್ರೆ ಸಾಮಾನ್ಯವಾಗಿ ಅಲ್ಲೇ ನಿಂತುಬಿಡುತ್ತೆ, ನಾವು ಸೆಟ್ಟಿಂಗ್ ಬದಲಿಸದ ಹೊರತು ತಾನಾಗಿ ಏಳಲ್ಲ. ಇದು ಒಂದೇ ನಿಮಿಷದಲ್ಲಿ ಎದ್ದಿದೆ.

ಅಪ್ಪನ್ನ ಕೇಳಿದೆ. "ಎರಡೂಕಾಲಿನ ಹೊತ್ತಿಗೆ ಕರೆಂಟ್ ಹೋಯ್ತಲ್ಲ, ಫ್ಯಾನ್ ಒಂಚೂರು ನಿಧಾನ ಆಗಿ ಮತ್ತೆ ತಿರುಗ್ತು" ಅಂದ್ರು. ಇನ್ವರ್ಟರ್ ಎಳೆದು ಹಿಂದೆ ಟಾರ್ಚ್ ಹಾಕಿದೆ. ಸಣ್ಣ ಸ್ವಿಚ್ಚು, ಮೇಲೆ ಧೂಳು. ಯುಪಿಎಸ್ ಕಡೆಗಿರಬೇಕಾದ್ದು ನಾರ್ಮಲ್ ಕಡೆಗಿತ್ತು. ನಾರ್ಮಲ್‌ನಲ್ಲಿ ಬ್ಯಾಟರಿಗೆ ದಾಟೋಕೆ ಜಾಸ್ತಿ ಹೊತ್ತು ಬೇಕು. ಫ್ಯಾನ್ ತಡ್ಕೊಳ್ಳುತ್ತೆ, ಕಂಪ್ಯೂಟರ್ ತಡ್ಕೊಳ್ಳಲ್ಲ.

ಸ್ವಿಚ್ ತಿರುಗಿಸಿ, ಮೇನ್ ಆಫ್ ಮಾಡಿ ನೋಡಿದೆ. ಅಪ್‌ಟೈಮ್ ಹಾಗೇ ಓಡ್ತಿದೆ. ಅಜ್ಜಿ ಫೈಲುಗಳು ಕೆಟ್ಟಿವೆಯಾ ಅಂತ ನೋಡೋಕೆ ಚೆಕ್‌ಸಮ್ ಹಾಕಿದ್ದೀನಿ. 38 ಓಕೆ ಬಂದಿದೆ. ಇನ್ನು ಮೂರು ಬರಬೇಕು, ಕಾಯ್ತಾ ಕೂತಿದ್ದೀನಿ.