ಹೆಸರು ನೋಡಿ ಪುಸ್ತಕ ಎತ್ತಿಕೊಳ್ಳುವ ಓದುಗರು

ಎಲ್ಲರಿಗೂ ನಮಸ್ಕಾರ. ಕಥೆಗಾರನಿಗೆ ಬ್ರ್ಯಾಂಡ್ ಯಾಕೆ, ಅವನೇನು ಸೋಪು ಮಾರ್ತಾನಾ ಅಂತ ಮೂಗು ಮುರಿಯುವವರು ಇಲ್ಲೂ ಇರಬಹುದು. ಅವರು ಹಳೆಯ ಕಾದಂಬರಿಕಾರ ಗಳಗನಾಥರನ್ನು ನೆನಪಿಸಿಕೊಳ್ಳಬೇಕು.

ಅವರ ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹಾವೇರಿ ಕಡೆಯ ಗಳಗನಾಥ ಅವರ ಊರು. ಊರಿನ ಹೆಸರಲ್ಲೇ ಬರೆದರು. ಆಗ ಉತ್ತರ ಕರ್ನಾಟಕದ ಓದುಬರಹದಲ್ಲಿ ಮರಾಠಿಯದೇ ದರ್ಬಾರು. ಕನ್ನಡ ಕಾದಂಬರಿಗೆ ಓದುಗರನ್ನು ಹೊಸದಾಗಿ ಹುಟ್ಟಿಸಬೇಕಿತ್ತು. ಇವರು ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅಗಡಿಯ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ಮೂಲಕವೂ ಮನೆಮನೆ ತಲುಪಿದರು. ಬರೆದವನೇ ಬಾಗಿಲಿಗೆ ಬಂದು ಪುಸ್ತಕ ಕೊಟ್ಟರೆ ಆ ಹೆಸರನ್ನು ಯಾರು ಮರೆಯುತ್ತಾರೆ? 1942ರಲ್ಲಿ ತೀರಿಕೊಂಡರು. ಇವತ್ತಿಗೂ ‘ಕನ್ನಡ ಕಾದಂಬರಿಯ ಪಿತಾಮಹ’ ಅಂದರೆ ಅವರೇ.

ಆದರೆ ತಿರುಗಾಟ ಒಂದೇ ಸಾಲದು. ಒಳಗೆ ಏನು ಸಿಗುತ್ತದೆ ಅನ್ನೋ ಅಂದಾಜು ಓದುಗರಿಗೆ ಇರಬೇಕು. ಅನಸೂಯಾ ಶಂಕರ್ ಅಂದರೆ ಎಷ್ಟೋ ಜನಕ್ಕೆ ಗೊತ್ತಾಗಲ್ಲ, ಕಾದಂಬರಿಗಾರ್ತಿ ತ್ರಿವೇಣಿ ಅಂದರೆ ಸಾಕು. 1963ರಲ್ಲಿ ತೀರಿಕೊಂಡಾಗ ಅವರಿಗೆ 35 ಕೂಡ ತುಂಬಿರಲಿಲ್ಲ. ಮನಶ್ಶಾಸ್ತ್ರ ಓದಿದವರು. ಹೆಣ್ಣಿನ ಮನಸ್ಸಿನೊಳಗೆ ಇಳಿದು ಬರೆಯುತ್ತಾರೆ ಅನ್ನೋ ನಂಬಿಕೆ ಆ ಹೆಸರಿಗೆ ಅಂಟಿಕೊಂಡಿತು.

ಹಾಗಂತ ಒಂದೇ ಥರ ಬರೀಬೇಕಾ? ಮಾರ್ಕೆಟಿಂಗ್‌ನವರು ಹೌದು ಅಂತಾರೆ. ನಾನು ಒಪ್ಪಲ್ಲ. ಪೂರ್ಣಚಂದ್ರ ತೇಜಸ್ವಿ ಕಾದಂಬರಿ ಬರೆದರು, ಶಿಕಾರಿ ಕಥೆಗಳನ್ನು ಕನ್ನಡಕ್ಕೆ ತಂದರು, ಹಕ್ಕಿಗಳ ಫೋಟೊ ತೆಗೆದರು, ವಿಜ್ಞಾನವನ್ನೂ ಬಿಡಲಿಲ್ಲ. ಆದರೂ ಎರಡು ಪುಟ ಓದಿದರೆ ಇದು ಮೂಡಿಗೆರೆಯ ಆ ಮನುಷ್ಯನದೇ ಅಂತ ಗೊತ್ತಾಗುತ್ತದೆ, ಅಲ್ವಾ? ವಿಷಯ ಬದಲಾದರೂ ಕುತೂಹಲ, ತಮಾಷೆ ಬದಲಾಗಲಿಲ್ಲ.

ಈಗ ನಿಮ್ಮ ವಿಷಯ. ಪತ್ರಿಕೆಯಲ್ಲಿ ಒಂದು ಹೆಸರು, ಪುಸ್ತಕದ ಮೇಲೆ ಇನ್ನೊಂದು, ಇನ್‌ಸ್ಟಾಗ್ರಾಮ್‌ನಲ್ಲಿ ಮತ್ತೊಂದು ಇಟ್ಟುಕೊಳ್ಳಬೇಡಿ. ಓದುಗರು ಹುಡುಕುವುದು ಹೇಗೆ? ಮೊದಲ ಪುಸ್ತಕಕ್ಕೂ ಮುಂಚೆ ನಾಲ್ಕಾರು ಕಥೆಗಳು ಭಾನುವಾರದ ಪುರವಣಿಗಳಲ್ಲೋ ದೀಪಾವಳಿ ವಿಶೇಷಾಂಕಗಳಲ್ಲೋ ಬಂದಿದ್ದರೆ ಒಳ್ಳೇದು. ಸುಮ್ನೆ ದಿನಾ ಮುಖಪುಟದ ಚಿತ್ರ ಹಾಕಿ ‘ಕೊಳ್ಳಿ, ಕೊಳ್ಳಿ’ ಅಂದರೆ ಜನ ಮ್ಯೂಟ್ ಮಾಡುತ್ತಾರೆ. ಬದಲಿಗೆ ಬರೆಯುವಾಗ ಸಿಕ್ಕಿದ್ದನ್ನು ಹಂಚಿಕೊಳ್ಳಿ. ನಿಮ್ಮ ಕಾದಂಬರಿ ಅಡಿಕೆ ತೋಟದಲ್ಲಿ ನಡೆಯುತ್ತಿದ್ದರೆ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಮರದಿಂದ ಮರಕ್ಕೆ ದಾಟುವುದನ್ನು ಬರೆಯಿರಿ. ಅದನ್ನು ಓದಿದವರು ಪುಸ್ತಕವನ್ನೂ ಕೇಳುತ್ತಾರೆ. ರೀಲ್ಸ್ ಮಾಡೋಕೆ ಇಷ್ಟವಿದ್ದರೆ ಮಾಡಿ, ಆದರೆ ಬರೆಯುವ ಹೊತ್ತಿಗಿಂತ ಅದಕ್ಕೆ ಜಾಸ್ತಿ ಹೊತ್ತು ಹೋಗುತ್ತಿದ್ದರೆ ನಿಲ್ಲಿಸಿ.

ಇನ್ನೊಂದು ಮಾತು. ಪುಸ್ತಕದ ಕೊನೇ ಪುಟದಲ್ಲಿ ನಿಮ್ಮ ಇಮೇಲ್ ವಿಳಾಸ ಹಾಕಿಸಿ. ಬರೆದವರಿಗೆಲ್ಲ ಉತ್ತರ ಕೊಡಿ, ಬೈದು ಬರೆದವರಿಗೂ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.